ಪಿಟಿ ಟೀಚರ್ ಮತ್ತು ನನ್ನ ಕೆಂಪು ಬಾವುಟ

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಉಡುಪಿಯ ಮೀನು ಮಾರ್ಕೆಟ್ಟಿನಲ್ಲಿ. ಬಗ್ಗಿ ಬಂಗುಡೆಯ ಕಿವಿರು ನೋಡುತ್ತಿದ್ದೆ. ಯಾರೋ ಭುಜ ತಟ್ಟಿದರು. ತಿರುಗಿದರೆ, ರಿಯಾದಿನ ಶಾಲೆಯಲ್ಲಿ ನನ್ನ ಜೊತೆ ಜೀವಶಾಸ್ತ್ರ ಕಲಿಸುತ್ತಿದ್ದವರು. ಇಬ್ಬರ ಕೂದಲೂ ಬೆಳ್ಳಗಾಗಿತ್ತು. ಮಕ್ಕಳು, ಮೊಮ್ಮಕ್ಕಳು, ಮಂಡಿನೋವು ಎಲ್ಲ ಮುಗಿದ ಮೇಲೆ ಅವರೆಂದರು, "ನಮ್ಮ ಪಿಟಿ ಟೀಚರ್ ಹೋದ್ರಲ್ಲ, ನಿಮಗೆ ಗೊತ್ತಾಗ್ಲಿಲ್ವಾ? ಹೋದ ವರ್ಷವೇ." ಅಷ್ಟು ಹೇಳಿದವರು ಏನೋ ನೆನಪಾದಂತೆ ತಟಕ್ಕನೆ ಮಾತು ನಿಲ್ಲಿಸಿ, ಮೀನಿನವಳ ಹತ್ತಿರ ರೇಟು ಕೇಳತೊಡಗಿದರು. ಅವರಿಗೆ ಏನು ನೆನಪಾಯಿತೆಂದು ನನಗೆ ಗೊತ್ತಿತ್ತು. ಆ ದಿನ ಮೈದಾನದಲ್ಲಿ ಅವರೂ ಇದ್ದರು.

ಟೀಚರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರ ಮಕ್ಕಳು ಮಂಗಳೂರಿನಲ್ಲಿದ್ದಾರೆ. ಅಲ್ಲದೆ ಶಾಲೆಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದಿಲ್ಲ. ಎಲ್ಲರಿಗೂ ಅವರು ಪಿಟಿ ಟೀಚರ್.

ಎಂಬತ್ತರ ದಶಕದ ನಡುವಿನ ಮಾತು. ನನ್ನ ಗಂಡನಿಗೆ ರಿಯಾದಿನ ಒಲಾಯಾ ಬಡಾವಣೆಯ ಒಂದು ಕಚೇರಿಯಲ್ಲಿ ಕೆಲಸ. ಮದುವೆಯಾಗಿ ಕಾರ್ಕಳದಿಂದ ಹೋದ ನಾನು, ಹಗಲಿಡೀ ಫ್ಲ್ಯಾಟಿನ ಎ.ಸಿ.ಯ ಗುರುಗುರು ಕೇಳಿ ಕೇಳಿ ಸಾಕಾಗಿ, ಭಾರತೀಯ ಮಕ್ಕಳ ಶಾಲೆಯೊಂದರ ಹುಡುಗಿಯರ ವಿಭಾಗದಲ್ಲಿ ಗಣಿತ ಕಲಿಸಲು ಸೇರಿದೆ. ಎತ್ತರದ ಗೋಡೆ, ಗೋಡೆಯ ಮೇಲೆ ಇನ್ನೂ ಎತ್ತರಕ್ಕೆ ತಗಡು. ಒಳಗೆ ಬಂದವರೇ ಮೈಮುಚ್ಚುವ ಕಪ್ಪು ಅಬಾಯಾ ತೆಗೆದು ಸ್ಟಾಫ್ ರೂಮಿನ ಮೊಳೆಗೆ ತೂಗುಹಾಕುತ್ತಿದ್ದೆವು. ಗಂಡಸರಿಗೆ ಗೇಟಿನಿಂದ ಒಳಗೆ ಪ್ರವೇಶವಿಲ್ಲ. ಗೇಟಿನ ಹೊರಗೆ ಮುದಿ ಕಾವಲುಗಾರ ಹಾರಿಸ್, ಅವನಾಚೆ ಬಿಸಿಲಿನಲ್ಲಿ ಕಾಯುವ ಗಂಡಂದಿರ ಕಾರುಗಳು. ಒಳಗೆ ಸಿಮೆಂಟಿನ ಅಂಗಳ, ಅಂಗಳದ ನಡುವೆ ನೆಟ್.

ಪಿಟಿ ಟೀಚರ್ ಮಂಗಳೂರಿನ ಕ್ರಿಶ್ಚಿಯನ್ನರು. ಮನೆಮಾತು ಕೊಂಕಣಿ, ನನ್ನದು ತುಳು. ಅವರಿಗೆ ತುಳು ಬರುತ್ತಿದ್ದರೂ ಶಾಲೆಯೊಳಗೆ ನಾವು ಕನ್ನಡದಲ್ಲೇ ಮಾತಾಡುತ್ತಿದ್ದೆವು. ಐವತ್ತರ ಹತ್ತಿರದ ವಯಸ್ಸು, ಗಟ್ಟಿ ಮೈಕಟ್ಟು, ಗಂಡುಮಕ್ಕಳಂತೆ ಕತ್ತರಿಸಿದ ಕೂದಲು. ಬಿಳಿ ಸಲ್ವಾರ್ ಕಮೀಜು, ಬಿಳಿ ಕ್ಯಾನ್ವಾಸ್ ಶೂ, ನಸು ಬಣ್ಣದ ಕನ್ನಡಕ. ನಿಂತರೆ ಯಾವುದಕ್ಕೂ ಒರಗುತ್ತಿರಲಿಲ್ಲ. ಯಾರಾದರೂ ಒರಗಿದರೆ "ಗೋಡೆ ಬೀಳುದಿಲ್ಲ, ಬಿಡಿ" ಎನ್ನುತ್ತಿದ್ದರು.

ನನಗೆ ವಾರಕ್ಕೆ ಕೆಲವು ಬಿಡುವಿನ ಪೀರಿಯಡ್‌ಗಳಿದ್ದವು. ಪ್ರಿನ್ಸಿಪಾಲರು ನನ್ನನ್ನು ಆಟದ ವಿಭಾಗಕ್ಕೆ ಸಹಾಯಕ್ಕೆಂದು ಹಾಕಿದರು. ಹೆದರುತ್ತಾ ಹೋಗಿ, "ಟೀಚರ್, ನಾನು ಒಮ್ಮೆಯೂ ವಾಲಿಬಾಲ್ ಆಡಿದವಳಲ್ಲ" ಎಂದೆ.

"ಒಳ್ಳೆದಾಯ್ತು" ಎಂದರು. "ಆಡಿದವರ ಕಣ್ಣು ಬಾಲಿನ ಹಿಂದೆ ಓಡ್ತದೆ. ರೆಫ್ರಿ ನೋಡುದು ಬಾಲ್ ಅಲ್ಲ ಮಾರಾಯ್ರೇ. ಕೈ, ನೆಟ್, ಗೆರೆ. ನಿಮ್ಮನ್ನು ನಾನು ರೆಫ್ರಿ ಮಾಡ್ತೇನೆ."

ನನಗೆ ನಗು ಬಂತು. ಅವರು ನಗಲಿಲ್ಲ.

ಮೊದಲ ಪಾಠ ವಿಸಿಲ್. ಕಾರ್ಕಳದ ನಮ್ಮ ಮನೆಯಲ್ಲಿ ಹೆಂಗಸರು ಸ್ವಲ್ಪ ಜೋರಾಗಿ ನಕ್ಕರೂ ಜಗಲಿಯಿಂದ ಅಜ್ಜ ಕೆಮ್ಮುತ್ತಿದ್ದರು. ಅಂಥ ಮನೆಯಲ್ಲಿ ಬೆಳೆದ ನಾನು ನೂರಾರು ಹುಡುಗಿಯರ ಎದುರು ವಿಸಿಲ್ ಬಾಯಿಗಿಟ್ಟರೆ ಗಾಳಿ ಮಾತ್ರ ಹೊರಟಿತು. ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನನಗೆ ನೆಲ ಬಿರಿದು ಒಳಗೆ ಹೋಗುವಷ್ಟು ನಾಚಿಕೆ.

"ಕ್ಷಮೆ ಕೇಳುವ ಹಾಗೆ ಊದಬೇಡಿ" ಎಂದು ಟೀಚರ್ ನನ್ನನ್ನು ಶಾಲೆಯ ಹಿಂದಿನ ನೀರಿನ ಟ್ಯಾಂಕಿನ ಬಳಿ ಕರೆದುಕೊಂಡು ಹೋದರು. "ಇಲ್ಲಿ ಯಾರೂ ಇಲ್ಲ. ಹೊಟ್ಟೆಯಿಂದ ಊದಿ." ಊದಿದೆ. "ಇನ್ನೂ." ಇನ್ನೂ ಊದಿದೆ. ಕೊನೆಗೆ ಏನೋ ಅನಾಹುತವಾಗಿದೆ ಎಂದುಕೊಂಡು ಗೋಡೆಯಾಚೆಯಿಂದ ಹಾರಿಸ್ ಏನಾಯಿತೆಂದು ಅರಬಿಯಲ್ಲಿ ಕೂಗತೊಡಗಿದ. "ಈಗ ಸರಿಯಾಯ್ತು" ಎಂದರು ಟೀಚರ್.

ಆಮೇಲೆ ಕೈಸನ್ನೆಗಳು. ಎರಡು ಬೆರಳು ಎತ್ತಿದರೆ ಚೆಂಡನ್ನು ಒಬ್ಬಳೇ ಎರಡು ಸಲ ಮುಟ್ಟಿದಳೆಂದು, ಅಂಗೈ ಮೇಲೆ ಮಾಡಿ ಎತ್ತಿದರೆ ಚೆಂಡನ್ನು ಹಿಡಿದು ಎಸೆದಳೆಂದು. ನಾನು ಅಡಿಗೆಮನೆಯಲ್ಲಿ ದೋಸೆ ಹುಯ್ಯುತ್ತಾ ಅಭ್ಯಾಸ ಮಾಡುತ್ತಿದ್ದೆ. ಗಂಡ ಬಾಗಿಲಲ್ಲಿ ನಿಂತು, "ಎಂತ, ಎರಡೇ ದೋಸೆಯಾ ನನಗೆ?" ಎಂದು ಕೇಳಿದ್ದರು.

ರೆಫರಿಯ ಕುರ್ಚಿ ಎಂದರೆ ನೀರಿನ ಟ್ಯಾಂಕಿಗೆ ಇಟ್ಟಿದ್ದ ಕಬ್ಬಿಣದ ಏಣಿಗೆ ಒಂದು ಹಲಗೆ ಕೂರಿಸಿದ್ದು. ನಾನು ಸೀರೆಯಲ್ಲಿ ಅದನ್ನು ಹತ್ತಹೋದಾಗ ಟೀಚರ್ ತಡೆದರು. "ಸೀರೆ ಉಟ್ಟು ಹತ್ತಿದ್ರೆ ಮಕ್ಕಳು ಆಟ ನೋಡುದಿಲ್ಲ, ನಿಮ್ಮ ಕಾಲು ನೋಡ್ತಾರೆ." ಮರುದಿನ ತಮ್ಮದೇ ಒಂದು ಜೊತೆ ಬಿಳಿ ಸಲ್ವಾರ್ ಕಮೀಜು ತಂದುಕೊಟ್ಟರು. ನನ್ನ ಮೈಗೆ ಅದು ದೊಗಳೆ. ಸೊಂಟಕ್ಕೆ ಸೇಫ್ಟಿ ಪಿನ್ ಚುಚ್ಚಿಕೊಂಡೇ ಆ ವರ್ಷವಿಡೀ ಕಳೆದೆ.

ಅವರ ಮಾತುಗಳು ಒಂದೊಂದೇ ಈಗಲೂ ಕಿವಿಯಲ್ಲಿವೆ. "ರೆಫ್ರಿಗೆ ಮುಖ ಇರಬಾರದು, ಕೈ ಮಾತ್ರ ಇರಬೇಕು." "ತಪ್ಪು ಕೊಟ್ಟರೆ ಕೊಟ್ಟಾಯ್ತು. ಮುಂದಿನ ಬಾಲಿನಲ್ಲಿ ಅದನ್ನು ಸರಿ ಮಾಡ್ಲಿಕ್ಕೆ ಹೋಗಬೇಡಿ. ಅದು ಎರಡನೇ ತಪ್ಪು." ನನ್ನನ್ನು ಮೂಲೆಯಲ್ಲಿ ಲೈನ್ ರೆಫರಿಯಾಗಿ ನಿಲ್ಲಿಸಿದಾಗ ಕೈಗೆ ಕೆಂಪು ಬಾವುಟ ಕೊಟ್ಟು ಹೇಳಿದ್ದು, "ಚೆಂಡು ಒಳಗೆ ಬಿದ್ರೆ ಬಾವುಟ ಕೆಳಗೆ, ಹೊರಗೆ ಬಿದ್ರೆ ಮೇಲೆ. ನೀವು ಕಂಡದ್ದನ್ನು ತೋರಿಸಿ. ನನ್ನ ಮುಖ ನೋಡಿ ತೋರಿಸಬೇಡಿ."

ಅವರ ಒಂದು ಶಕ್ತಿಯ ಬಗ್ಗೆ ನನಗೆ ಬಹಳ ಬೆರಗು. ಚೆಂಡಿನ ಸದ್ದು ಕೇಳಿಯೇ ಅವರು ತಪ್ಪು ಹೇಳುತ್ತಿದ್ದರು. "ಸರಿಯಾಗಿ ಎತ್ತಿದ ಬಾಲಿಗೆ ಒಂದೇ ಸದ್ದು. ಇದು ಎರಡು ಸದ್ದು ಮಾಡಿತು, ಕೇಳ್ಲಿಲ್ವಾ?" ನನಗೆ ಕೇಳಿಸುತ್ತಿರಲಿಲ್ಲ. ಎಷ್ಟೋ ವರ್ಷದ ಅನುಭವದಿಂದ ಬಂದ ವಿದ್ಯೆ ಅದು ಎಂದುಕೊಂಡೆ.

ಶಿಸ್ತು ಎಂದರೆ ಶಿಸ್ತು. ಒಮ್ಮೆ ಶಾಲೆಯೊಳಗಿನ ಪಂದ್ಯದ ಫೈನಲ್‌ನಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಬಾವುಟದವರಿಲ್ಲದ ಮೂಲೆಗೆ ಹೊಡೆದ ಚೆಂಡನ್ನು ಟೀಚರ್ ಹೊರಗೆ ಎಂದು ತೀರ್ಪು ಕೊಟ್ಟರು. ಹುಡುಗಿ ಒಳ್ಳೆಯ ಆಟಗಾರ್ತಿ, ನಮ್ಮ ಊರ ಕಡೆಯವಳೇ, ಆದರೆ ರಿಯಾದಿನಲ್ಲೇ ಬೆಳೆದವಳು. "ಅದು ಒಳಗೆ ಬಿದ್ದದ್ದು ಟೀಚರ್, ನಾನು ನೋಡಿದೆ" ಎಂದು ನೆಟ್ಟಿನ ಹತ್ತಿರ ಬಂದು ವಾದಿಸಿದಳು. ಟೀಚರ್ ಅವಳನ್ನು ಅಲ್ಲಿಗೇ ಹೊರಗೆ ಕಳಿಸಿದರು. ಶಾಲೆಯ ತಂಡದಿಂದಲೂ ತೆಗೆದರು. ಹುಡುಗಿ ನೀರಿನ ಕೂಲರಿನ ಹಿಂದೆ ನಿಂತು ಅಳುತ್ತಿದ್ದುದನ್ನು ನಾನು ಕಂಡೆ. ಆಗ ನನಗೆ ಅದು ಸರಿಯೆಂದೇ ಅನಿಸಿತ್ತು. ರೆಫರಿಯ ಜೊತೆ ವಾದ ಮಾಡಬಾರದು ಎಂದು ಹೊಸದಾಗಿ ಕಲಿತಿದ್ದೆನಲ್ಲ. ಆಮೇಲಿನ ದಿನಗಳಲ್ಲಿ ಹುಡುಗಿಯರು ನೆಟ್ ತಾಗಿದರೆ, ಗೆರೆ ತುಳಿದರೆ ತಾವೇ ಕೈ ಎತ್ತಿ ಹೇಳುತ್ತಿದ್ದರು.

ಇನ್ನು ಆ ಪಂದ್ಯದ ವಿಷಯ.

ರಿಯಾದಿನ ಇನ್ನೊಂದು ಶಾಲೆ ಪಾಕಿಸ್ತಾನಿ ಮಕ್ಕಳದ್ದು. ಅಲ್ಲಿನ ಹುಡುಗಿಯರನ್ನು ಸ್ನೇಹ ಪಂದ್ಯಕ್ಕೆ ಕರೆಯಬೇಕೆಂದು ನಮ್ಮ ಪ್ರಿನ್ಸಿಪಾಲರಿಗೆ ಹೊಳೆಯಿತು. ಹೆಸರಿಗೆ ಸ್ನೇಹ. ಒಂದು ತಿಂಗಳ ಮೊದಲಿನಿಂದ ಕಾರಿಡಾರಿನಲ್ಲಿ ಹುಡುಗಿಯರಿಗೆ ಬೇರೆ ಮಾತಿಲ್ಲ. ಸ್ಟಾಫ್ ರೂಮಿನಲ್ಲೂ ಇಲ್ಲ. ಎರಡೂ ಶಾಲೆಗಳಲ್ಲಿ ರೆಫರಿಯಾಗಬಲ್ಲ ಹೆಂಗಸು ನಮ್ಮ ಟೀಚರ್ ಒಬ್ಬರೇ. ಆ ಶಾಲೆಯವರು ಒಪ್ಪಿದರು.

ಅತಿಥಿಗಳಿಗೆಂದು ಅಂಗಳವನ್ನು ಶೃಂಗರಿಸಿದ್ದರು. ಬರಿಯ ಬಿಳಿ ಗೋಡೆ ಚೆನ್ನಾಗಿ ಕಾಣುವುದಿಲ್ಲವೆಂದು ಯಾರೋ ಉದ್ದಕ್ಕೂ ಕೆಂಪು ಬಟ್ಟೆ ಕಟ್ಟಿಸಿದರು. ಪರದೆ ಎಳೆದ ಬಸ್ಸಿನಲ್ಲಿ ಬಂದ ಹುಡುಗಿಯರು ಇಳಿದು, ಅಬಾಯಾ ಮಡಚಿಟ್ಟು, ಹಸಿರು ಜೆರ್ಸಿಯಲ್ಲಿ ಸಾಲಾಗಿ ನಿಂತರು. ಟೀಚರ್ ನನ್ನನ್ನು ದೂರದ ಮೂಲೆಗೆ ಕಳಿಸಿದರು. "ಆ ಮೂಲೆ ನಿಮ್ಮದು" ಎಂದರು.

ಒಂದು ಸೆಟ್ ನಮಗೆ, ಒಂದು ಅವರಿಗೆ. ಮೂರನೆಯದು ಸರಿಸಮ ನಡೆಯಿತು. ಆ ಕಾಲದ ನಿಯಮದಲ್ಲಿ ಸರ್ವಿಸ್ ಮಾಡಿದ ತಂಡಕ್ಕೆ ಮಾತ್ರ ಅಂಕ. ಕೊನೆಗೆ ಅವರಿಗೆ ಗೆಲ್ಲಲು ಒಂದೇ ಅಂಕ ಬೇಕಿತ್ತು, ಸರ್ವಿಸ್ ಕೂಡ ಅವರದೇ. ಚೆಂಡು ಎಷ್ಟೋ ಹೊತ್ತು ಆಚೆ ಈಚೆ ಹೋಯಿತು. ಅವರ ಕ್ಯಾಪ್ಟನ್ ಹಾರಿ ಹೊಡೆದಳು. ಚೆಂಡು ನನ್ನ ಮೂಲೆಗೆ ಬಂದು ಹಳದಿ ಗೆರೆಯ ಮೇಲೆಯೇ ಬಿತ್ತು. ಗೆರೆಯ ಬಣ್ಣದ ಪುಡಿ ಚೆಂಡಿಗೆ ಅಂಟಿದ್ದು ಕೂಡ ನನಗೆ ಕಂಡಿತು. ಗೆರೆ ತಾಗಿದರೆ ಒಳಗೆಂದೇ ಲೆಕ್ಕ. ನನ್ನ ಬಾವುಟ ತಾನಾಗಿ ಕೆಳಗಿಳಿಯಿತು.

ಅದೇ ಕ್ಷಣ ವಿಸಿಲ್ ಊದಿ ಟೀಚರ್ ಎರಡೂ ಕೈ ಮೇಲೆತ್ತಿದರು. ಹೊರಗೆ.

ನಮ್ಮ ಹುಡುಗಿಯರು ಕುಣಿದರು. ಆಚೆ ಕಡೆಯವರು ನನ್ನ ಬಾವುಟದ ಕಡೆಗೆ ಕೈ ತೋರಿಸಿ ಕೂಗತೊಡಗಿದರು. ಆಗ ಇಡೀ ಅಂಗಳದ ಕಣ್ಣು ನನ್ನ ಮೇಲೆ. ಮುಂದಿನ ಸಾಲಿನಲ್ಲಿದ್ದ ಪ್ರಿನ್ಸಿಪಾಲರು ಹುಬ್ಬು ಗಂಟಿಕ್ಕಿ ನನ್ನನ್ನೇ ನೋಡುತ್ತಿದ್ದರು. ಟೀಚರ್ ಮೇಲಿನಿಂದ ನನ್ನತ್ತ ಕತ್ತು ಚಾಚಿದರು. ಕನ್ನಡಕ ಸರಿಮಾಡಿಕೊಂಡರು. ಮತ್ತೆ ಕತ್ತು ಚಾಚಿದರು. ಆಮೇಲೆ ಕನ್ನಡದಲ್ಲಿ ಕೇಳಿದರು.

"ನೀವು ಎಂತ ತೋರಿಸ್ತಾ ಇದ್ದೀರಿ?"

ಒಂದು ಗಳಿಗೆ ನನಗೆ ಅರ್ಥವಾಗಲಿಲ್ಲ. ಎಲ್ಲರಿಗೂ ಕಾಣುವ ಬಾವುಟ. ಆಮೇಲೆ ಅವರ ಮುಖ ನೋಡಿದೆ. ಕೋಪವಿರಲಿಲ್ಲ ಅದರಲ್ಲಿ. ದಾರಿ ತಪ್ಪಿದವರು ಯಾರನ್ನೋ ನಿಲ್ಲಿಸಿ ಕೇಳುವಾಗಿನ ಮುಖ. ಅವರಿಗೆ ಕಾಣುತ್ತಿಲ್ಲ ಎಂದು ನನಗೆ ತಿಳಿದದ್ದು ಅಲ್ಲಿ, ಅಷ್ಟು ಜನರ ನಡುವೆ.

"ಒಳಗೆ, ಟೀಚರ್" ಎಂದೆ.

ಮುಖ್ಯ ರೆಫರಿಯ ಮಾತೇ ಕೊನೆಯದು. ಅವರು ತಮ್ಮ ತೀರ್ಪು ಉಳಿಸಿಕೊಂಡಿದ್ದರೆ ಯಾರೂ ಏನೂ ಮಾಡುವಂತಿರಲಿಲ್ಲ. ಆದರೆ ಅವರು ಮತ್ತೆ ವಿಸಿಲ್ ಊದಿ, ಕೈಯನ್ನು ಗೆರೆಯ ಕಡೆ ಇಳಿಸಿ ಒಳಗೆ ಎಂದು ತೋರಿಸಿ, ಅಂಕವನ್ನು ಹಸಿರು ತಂಡಕ್ಕೆ ಕೊಟ್ಟರು. ಪಂದ್ಯ ಮುಗಿಯಿತು.

ಆಮೇಲೆ ಅವರು ಏಣಿ ಇಳಿದರು. ಒಂದೊಂದು ಮೆಟ್ಟಿಲನ್ನೂ ಕಾಲಿನಿಂದ ತಡವಿ ತಡವಿ ಇಳಿದರು. ದಿನವೂ ಹಾಗೆಯೇ ಇಳಿಯುತ್ತಿದ್ದರೋ ಏನೋ, ನಾವು ನೋಡಿದ್ದು ಅಂದು. ಪ್ರಿನ್ಸಿಪಾಲರು ಎದ್ದು ಬಂದು, ಅತಿಥಿಗಳು ಕೇಳುವ ಹಾಗೆಯೇ, ಅಷ್ಟು ದೊಡ್ಡ ಬಾವುಟ ಕಾಣದವರು ಅಲ್ಲಿ ಕೂತದ್ದೇಕೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಬಂದ ತಂಡದ ಕ್ಯಾಪ್ಟನ್ ಹತ್ತಿರ ಬಂದು ಟೀಚರ ಕೈ ಕುಲುಕಿದಳು. ಅವರು ಕೈಯನ್ನು ಒಂದು ಪಕ್ಕಕ್ಕೆ ಚಾಚಿದ್ದರು. ಹುಡುಗಿಯೇ ಸರಿದು ಹಿಡಿದುಕೊಂಡಳು.

ಗೇಟಿನ ಹೊರಗೆ ಅವರ ಗಂಡ ನಿಂತಿದ್ದರು. ಮಾತು ಕಡಿಮೆಯ ಮನುಷ್ಯ. ಯಾವುದೋ ವ್ಯಾಪಾರದ ಕಂಪನಿಯಲ್ಲಿ ಲೆಕ್ಕ ಬರೆಯುವ ಕೆಲಸ. ಮೊದಲು ಹೊರಬಂದದ್ದು ನಾನು. "ಹೇಗಾಯ್ತು ಮ್ಯಾಚ್? ಅವಳು ನಿನ್ನೆಯಿಂದ ನಿದ್ದೆಯೇ ಮಾಡ್ಲಿಲ್ಲ" ಎಂದು ನಗುತ್ತಾ ಕೇಳಿದರು. ನಾನು "ಸೋತೆವು" ಎಂದಷ್ಟೇ ಹೇಳಿ ನಮ್ಮ ಕಾರಿನ ಕಡೆ ಓಡಿದೆ.

ಮರುದಿನ ಸ್ಟಾಫ್ ರೂಮಿಗೆ ನಾನು ಹೋದೊಡನೆ ಮಾತು ನಿಂತಿತು. ಜೀವಶಾಸ್ತ್ರದವರು ಮಾತ್ರ ಮೆಲ್ಲಗೆ, "ಒಂದು ಬಾವುಟ ಮೇಲೆ ಮಾಡಿದ್ರೆ ಏನಾಗ್ತಿತ್ತು ಮಾರಾಯ್ತಿ? ಅವರ ಕೆಲಸವಾದರೂ ಉಳೀತಿತ್ತು" ಎಂದರು. ನಾನು ಸುಳ್ಳು ಹೇಳಿರಲಿಲ್ಲ, ತಪ್ಪು ಮಾಡಿರಲಿಲ್ಲ. ಆದರೂ ಕದ್ದು ಸಿಕ್ಕಿಬಿದ್ದವಳಂತೆ ತಲೆ ತಗ್ಗಿಸಿ ಕೂತೆ. ಟೀಚರ್ ಕಂಡರೆ ಬೇರೆ ಕಾರಿಡಾರಿಗೆ ತಿರುಗುತ್ತಿದ್ದೆ. ಶಾಲೆಯವರು ಅವರನ್ನು ಕಣ್ಣಿನ ಪರೀಕ್ಷೆಗೆ ಕಳಿಸಿದರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ವರ್ಷ ಮುಗಿದ ಮೇಲೆ ಬರುವುದು ಬೇಡ ಎಂದು ಹೇಳಿದರು.

ಒಂದು ದಿನ ಅವರೇ ನನ್ನ ಕ್ಲಾಸಿನ ಬಾಗಿಲಿಗೆ ಬಂದರು.

"ನನ್ನಿಂದ ಯಾಕೆ ಓಡ್ತೀರಿ?"

"ನನಗೆ ನಾಚಿಕೆ ಆಗ್ತದೆ ಟೀಚರ್."

"ನಿಮಗೆ ಎಂತದ್ದಕ್ಕೆ? ಆಗಬೇಕಾದ್ದು ನನಗೆ." ಬೆಂಚಿನ ಮೇಲೆ ಕೂತರು. "ನಿಮಗೆ ಯಾಕೆ ಕಲಿಸಿದೆ ಗೊತ್ತುಂಟಾ? ನನಗೆ ಕಣ್ಣು ಬೇಕಿತ್ತು. ಬಿಳಿ ಗೋಡೆಯ ಎದುರು ನಿಮ್ಮ ಕೆಂಪು ಬಾವುಟ ನನಗೆ ಮಸುಕಾಗಿ ಕಾಣ್ತಿತ್ತು. ಅದನ್ನು ನೋಡಿ ಕೈ ತೋರಿಸ್ತಿದ್ದೆ. ಆ ದಿನ ಗೋಡೆಯೂ ಕೆಂಪು. ನಿಮಗೆ ಹೇಳ್ಬೇಕಿತ್ತು. ಹೇಳ್ಲಿಕ್ಕೆ ಮರ್ಯಾದೆ ಅಡ್ಡ ಬಂತು."

ನಾನು ಕೈಯಲ್ಲಿದ್ದ ಚಾಕ್ ಮೇಜಿನ ಮೇಲಿಟ್ಟೆ.

"ನೀವು ನನ್ನ ಜೊತೆ ಒಂದು ಕಡೆ ಬರಬೇಕು" ಎಂದರು. "ಆ ಹುಡುಗಿಯ ಹತ್ತಿರ. ನಾನು ತಂಡದಿಂದ ತೆಗೆದವಳು. ಅವಳ ಬಾಲ್ ನಾನು ನೋಡ್ಲೇ ಇಲ್ಲ. ನೋಡಿದ ಹಾಗೆ ಕೈ ಎತ್ತಿದೆ. ನಾಲ್ಕು ಜನರ ಮುಂದೆ ಅವಳ ಮರ್ಯಾದೆ ತೆಗೆದೆ. ಒಬ್ಬರಾದ್ರೂ ಜೊತೆಗೆ ಇರಬೇಕು, ಗುಟ್ಟಲ್ಲಿ ಹೇಳುದಲ್ಲ ಅದು."

ಆ ಕಾಲದಲ್ಲಿ ಟೀಚರ್ ಒಬ್ಬರು ವಿದ್ಯಾರ್ಥಿನಿಯ ಕ್ಷಮೆ ಕೇಳುವುದನ್ನು ನಾನು ಕಂಡದ್ದಿಲ್ಲ, ಕೇಳಿದ್ದೂ ಇಲ್ಲ. ಬೇಡ ಟೀಚರ್ ಎಂದೆ. ಅವರು ಆಗಲೇ ಎದ್ದಿದ್ದರು.

ಹುಡುಗಿ ಅಂಗಳದ ಮೂಲೆಯಲ್ಲಿ ಗೆಳತಿಯರ ಜೊತೆ ಟಿಫಿನ್ ತಿನ್ನುತ್ತಿದ್ದಳು. ಎಲ್ಲರೂ ಎದ್ದು ನಿಂತರು. ಟೀಚರ್ ಅವಳ ಹೆಸರು ಹಿಡಿದು ಕರೆದು, ನೆಟ್ಟಗೆ ನಿಂತು ಹೇಳಿದರು.

"ಆ ದಿನ ನಿನ್ನ ಬಾಲ್ ನನಗೆ ಕಾಣ್ಲಿಲ್ಲ. ಕಂಡಿತು ಅಂತ ಹೇಳಿದೆ. ನೀನು ಹೇಳಿದ್ದೇ ಸರಿ. ನನ್ನದು ತಪ್ಪು."

ಹುಡುಗಿಯ ಮುಖ ಕೆಂಪಾಯಿತು. ಕೈಯಲ್ಲಿದ್ದ ಖುಬ್ಬೂಸ್ ರೊಟ್ಟಿಯ ಚೂರನ್ನು ಎಲ್ಲಿಡುವುದೆಂದು ತಿಳಿಯದೆ ಒದ್ದಾಡಿದಳು. ಕೊನೆಗೆ ತನ್ನ ಅರೆಬರೆ ಕನ್ನಡದಲ್ಲಿ ಹೇಳಿದಳು.

"ನಮಗೆ ಗೊತ್ತಿತ್ತು ಟೀಚರ್."

"ಎಂತ ಗೊತ್ತಿತ್ತು?"

"ನಿಮಗೆ ಕಾಣುದಿಲ್ಲ ಅಂತ. ಟೀಮಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗೆ ತುಂಬಾ ಸಿಟ್ಟಿತ್ತು, ಪ್ರಿನ್ಸಿಪಾಲ್ ಹತ್ರ ಹೇಳ್ತೇನೆ ಅಂದೆ. ಇವರೆಲ್ಲ ಬೇಡ ಅಂದ್ರು. ಆಮೇಲೆ ನಾವೇ ಹೇಳ್ಬೇಕು ಅಂತ ಮಾಡಿದ್ವಿ. ನೆಟ್ ತಾಗಿದ್ರೆ ನಾವೇ ಸಾರಿ ನೆಟ್ ಅಂತ ಹೇಳುದು. ಗೆರೆ ತುಳಿದ್ರೆ ಕೈ ಎತ್ತುದು. ಯಾರಾದ್ರೂ ಹೇಳದಿದ್ರೆ ಬ್ರೇಕಲ್ಲಿ ಅವಳ ಜೊತೆ ಮಾತು ಬಿಡುದು."

ನಾನು ಅದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದೆ. ಒಳ್ಳೆಯ ನಡತೆಯ ಮಕ್ಕಳು ಎಂದುಕೊಂಡಿದ್ದೆ. ಆ ಅಂಗಳದಲ್ಲಿ ಗೊತ್ತಿಲ್ಲದೆ ಇದ್ದವಳು ನಾನೊಬ್ಬಳೇ, ಬಾವುಟ ಹಿಡಿದು ದೂರದ ಮೂಲೆಯಲ್ಲಿ ನಿಂತಿದ್ದವಳು.

ಟೀಚರ್ "ಹಾಗಾದ್ರೆ ಸದ್ದು ಕೇಳಿ ಹೇಳ್ತೇನೆ ಅಂತ ನಾನು ಹಾರಾಡಿದ್ದು..." ಎಂದರು. ಮಾತು ಮುಗಿಸಲಿಲ್ಲ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟೀಚರ್ ಕನ್ನಡಕ ತೆಗೆದು ದುಪಟ್ಟಾದಲ್ಲಿ ಒರೆಸಿದರು. ಆಮೇಲೆ ನನ್ನ ತೋಳು ಹಿಡಿದುಕೊಂಡರು. ಅವರು ಯಾರನ್ನಾದರೂ ಹಿಡಿದು ನಡೆದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಗೇಟಿನವರೆಗೂ ಕೈ ಬಿಡಲಿಲ್ಲ. ಗಂಡ ಕಾರಿನ ಬಾಗಿಲು ತೆರೆದರು. ಅವರು ತಲೆ ಬಗ್ಗಿಸಿ ಒಳಗೆ ಕೂತು, "ಮಕ್ಕಳು ಎಷ್ಟು ಒಳ್ಳೆಯವರು, ನೋಡಿ" ಎಂದಷ್ಟೇ ಹೇಳಿದರು. ಅಳುತ್ತಿದ್ದರೋ ನಗುತ್ತಿದ್ದರೋ ನನಗೆ ತಿಳಿಯಲಿಲ್ಲ.

ಪರೀಕ್ಷೆಗಳು ಮುಗಿದ ವಾರ ಅವರು ವೀಸಾ ಮುಗಿಸಿ, ಮರಳಿ ಬರದ ಫೈನಲ್ ಎಕ್ಸಿಟ್‌ನಲ್ಲಿ ಊರಿಗೆ ಹೋದರು. ಆಮೇಲೆ ನಾನು ಅವರನ್ನು ಕಾಣಲಿಲ್ಲ. ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ಮಂಗಳೂರಿಗೆ ಹೋಗಿ ಬರಬೇಕೆಂದುಕೊಳ್ಳುತ್ತಿದ್ದೆ. ಬಸ್ ಸ್ಟ್ಯಾಂಡಿನವರೆಗೂ ಒಮ್ಮೆ ಹೋಗಿದ್ದೆ.

ಹೊಸ ವರ್ಷಕ್ಕೆ ಶಾಲೆಯವರು ನನ್ನನ್ನೇ ಆ ಏಣಿಯ ಮೇಲೆ ಕೂರಿಸಿದರು. ನನ್ನ ಕಣ್ಣು ಚೆನ್ನಾಗಿತ್ತು. ನೆಟ್ಟಿಗೆ ಬೆರಳ ತುದಿ ಸೋಕಿದರೂ ನನಗೆ ಕಾಣುತ್ತಿತ್ತು. ಹುಡುಗಿಯರು ಅದೇ ಹುಡುಗಿಯರು. ಮೊದಲ ದಿನದ ಆಟದಲ್ಲೇ ಒಬ್ಬಳ ಮೊಣಕೈ ನೆಟ್ಟಿಗೆ ತಾಗಿತು. ಅವಳು ಕೈ ಎತ್ತಲಿಲ್ಲ. ಓರೆಗಣ್ಣಲ್ಲಿ ನನ್ನ ಕಡೆ ನೋಡಿದಳು, ನಾನು ಕಂಡೆನೋ ಇಲ್ಲವೋ ಎಂದು. ನಾನು ವಿಸಿಲ್ ಊದಿದೆ. ಇನ್ನೊಬ್ಬಳು ಗೆರೆ ತುಳಿದು ಸರ್ವಿಸ್ ಮಾಡಿ ಮೆಲ್ಲಗೆ ಪಾದ ಹಿಂದಕ್ಕೆಳೆದುಕೊಂಡಳು. ಅದಕ್ಕೂ ಊದಿದೆ. ನಾನು ಆ ಶಾಲೆಯಲ್ಲಿದ್ದಷ್ಟು ವರ್ಷವೂ ಹೀಗೆಯೇ ನಡೆಯಿತು. ಅವರು ಅಡಗಿಸುವುದು, ನಾನು ಹಿಡಿಯುವುದು. ನನ್ನ ಕಣ್ಣು ತಪ್ಪಿಸಲಾಗದು ಎಂದು ಎಲ್ಲರೂ ಹೊಗಳುತ್ತಿದ್ದರು. ಯಾರೂ ಒಂದು ಸಲವಾದರೂ ತಾವಾಗಿ ಕೈ ಎತ್ತಿ, ತಪ್ಪು ನನ್ನದು ಟೀಚರ್ ಎಂದು ನನಗೆ ಹೇಳಲಿಲ್ಲ.